ಅಪರಾಧಿ ಅಂತ ಬರೆದ ಅದೇ ಕಾಗದ

ಶಿಕಾರಿಪುರ ತಾಲ್ಲೂಕಿನ ಈಸೂರಿನ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಕೇಳಿದವರೇ. "ಏಸೂರು ಕೊಟ್ಟರೂ ಈಸೂರು ಕೊಡೆವು" ಅಂತ ಆಗಸ್ಟ್ 15ರ ಭಾಷಣದಲ್ಲಿ ಹೇಳಿ ಚಪ್ಪಾಳೆ ಹೊಡೆಸಿಕೊಂಡವರೂ ನಮ್ಮ ಬಳಗದಲ್ಲಿದ್ದಾರೆ. ಆದರೆ ಆ ಭಾಷಣಗಳಲ್ಲಿ ಒಂದು ಸಂಗತಿಯನ್ನು ನಾವು ಬೇಗ ದಾಟಿಬಿಡುತ್ತಿದ್ದೆವು. 1942ರ ಸೆಪ್ಟೆಂಬರ್ 28ರಂದು ಆ ಊರಿನ ಜನರ ಕೈಯಲ್ಲಿ ಸತ್ತವರು ಬಿಳಿಯರಲ್ಲ. ಒಬ್ಬರು ಅಮಲ್ದಾರ ಚನ್ನಕೃಷ್ಣಪ್ಪ, ಇನ್ನೊಬ್ಬರು ಸಬ್ ಇನ್ಸ್‌ಪೆಕ್ಟರ್ ಕೆಂಚೇಗೌಡ. ಹೆಸರು ಕೇಳಿದರೇ ಗೊತ್ತಾಗುತ್ತದೆ, ನಮ್ಮ ಕಡೆಯವರೇ.

ಎಲ್ಲೋ ಬಂದೂಕಿನ ಸುದ್ದಿ ಬಂದಾಗಲೆಲ್ಲ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಜಗಳ: ಇವರು ಭಯೋತ್ಪಾದಕರೋ, ಹೋರಾಟಗಾರರೋ? ದೂರದ ದೇಶದವರ ಬಗ್ಗೆ ತೀರ್ಪು ಕೊಡುವುದು ಸುಲಭ. ಅದಕ್ಕೇ ಈ ಸಲ ನಮ್ಮದೇ ಒಂದು ಊರನ್ನು ಹತ್ತಿರದಿಂದ ನೋಡೋಣ ಅನ್ನಿಸಿತು.

ಆಗ ಈಸೂರು ಇದ್ದದ್ದು ಮೈಸೂರು ಸಂಸ್ಥಾನದಲ್ಲಿ. ಸಿಂಹಾಸನದ ಮೇಲೆ ಜಯಚಾಮರಾಜೇಂದ್ರ ಒಡೆಯರ್. ಕಚೇರಿಯ ಭಾಷೆ, ಪೊಲೀಸರ ಮುಖ, ಶಾನುಭೋಗರ ಲೆಕ್ಕ ಎಲ್ಲವೂ ನಮ್ಮವೇ. ಆದರೂ ಬ್ರಿಟಿಷರ ನೆರಳಿನಲ್ಲೇ ನಡೆಯುತ್ತಿದ್ದ, ಜನರಿಗೆ ಉತ್ತರ ಹೇಳಬೇಕಿಲ್ಲದ ಸರ್ಕಾರ ಅದು. ನಾಲ್ಕು ವರ್ಷ ಹಿಂದೆ, 1938ರ ಏಪ್ರಿಲ್‌ನಲ್ಲಿ, ಗೌರಿಬಿದನೂರು ಹತ್ತಿರದ ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಇದೇ ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದ್ದರು. ಅದನ್ನು ಕೊಲೆ ಅಂತ ಸರ್ಕಾರದ ಯಾವ ಕಾಗದವೂ ಕರೆಯಲಿಲ್ಲ.

1942ರ ಆಗಸ್ಟ್‌ನಲ್ಲಿ ಗಾಂಧೀಜಿಯನ್ನು ಬಂಧಿಸಿದ ಸುದ್ದಿ ಹಳ್ಳಿಹಳ್ಳಿಗೆ ಮುಟ್ಟಿತು. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಈಸೂರಿನವರು ಕಂದಾಯ ಕೊಡುವುದಿಲ್ಲ ಅಂದರು. ವಸೂಲಿಗೆ ಬಂದವರ ಕೈಯಿಂದ ಲೆಕ್ಕದ ಪುಸ್ತಕ ಕಿತ್ತುಕೊಂಡರು. ವೀರಭದ್ರ ದೇವರ ಗುಡಿಯ ಮೇಲೆ ಬಾವುಟ ಏರಿಸಿ, ಇನ್ನು ಮುಂದೆ ಇಲ್ಲಿ ನಮ್ಮದೇ ಸರ್ಕಾರ ಅಂತ ಸಾರಿದರು. ಆ ಸರ್ಕಾರಕ್ಕೆ ಅಧಿಕಾರಿಗಳಾದವರು ಮೀಸೆ ಮೂಡದ ಹುಡುಗರು. ಜಯಣ್ಣ ಅಮಲ್ದಾರ, ಮಲ್ಲಪ್ಪ ಸಬ್ ಇನ್ಸ್‌ಪೆಕ್ಟರ್. ಮಕ್ಕಳನ್ನು ಜೈಲಿಗೆ ಹಾಕಲಾರರು ಅನ್ನುವುದು ಹಿರಿಯರ ಲೆಕ್ಕವಾಗಿತ್ತು ಎನ್ನುತ್ತಾರೆ. ಇಲ್ಲಿಯವರೆಗೆ ಇದನ್ನು ಓದುವಾಗ ನಗು ಬರುತ್ತದೆ, ಹೆಮ್ಮೆಯೂ ಆಗುತ್ತದೆ.

28ನೇ ತಾರೀಕು ಅಸಲಿ ಅಮಲ್ದಾರರು, ಅಸಲಿ ಸಬ್ ಇನ್ಸ್‌ಪೆಕ್ಟರು ಪೊಲೀಸರ ಸಮೇತ ಊರಿಗೆ ಬಂದರು. ಗಾಂಧಿ ಟೋಪಿ ಹಾಕಿಕೊಳ್ಳಿ ಅಂತ ಜನ ಹಟ ಹಿಡಿದರು. ಮಾತಿಗೆ ಮಾತು ಬೆಳೆಯಿತು. ಲಾಠಿ, ಗುಂಡು ಮೊದಲು ಬಂದದ್ದು ಪೊಲೀಸರ ಕಡೆಯಿಂದ ಅನ್ನುವುದು ಊರಿನವರ ನೆನಪು. ಆಮೇಲೆ ಗುಂಪು ತಿರುಗಿಬಿತ್ತು. ಇಬ್ಬರೂ ಅಧಿಕಾರಿಗಳು ಅಲ್ಲೇ ಹತರಾದರು.

ಅದರ ನಂತರ ಬಂದದ್ದು ಸೈನ್ಯ. ಜನ ಕಾಡಿಗೆ ಓಡಿದರು. ಮನೆಗಳು ಲೂಟಿಯಾದವು. ಗುಂಪಿನಲ್ಲಿ ಇದ್ದವರು, ಇಲ್ಲದವರು, ಕೂಸು ಎತ್ತಿಕೊಂಡ ತಾಯಂದಿರು, ಯಾರಿಗೂ ಊರಿನಲ್ಲಿ ನಿಲ್ಲುವ ಧೈರ್ಯ ಉಳಿಯಲಿಲ್ಲ. ಕೆಲವರು ಮಾಡಿದ್ದಕ್ಕೆ ಇಡೀ ಊರನ್ನೇ ನಡುಗಿಸುವ ಈ ಕೆಲಸಕ್ಕೆ ಏನು ಹೆಸರು? 'ಭಯೋತ್ಪಾದಕ' ಪದವನ್ನು ಒಡೆದರೆ ಭಯ ಹುಟ್ಟಿಸುವವ ಅಂತಲೇ ಅರ್ಥ. ಈಸೂರಿನವರ ವಿಷಯಕ್ಕೆ ಆ ಪದ ತಂದರೆ ಅದು ಸೈನ್ಯದವರಿಗೂ ಸಲ್ಲಬೇಕಾಗುತ್ತದೆ.

ಮೊಕದ್ದಮೆ ನಡೆಯಿತು. ಗುರಪ್ಪ, ಜೀನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಬಡೇಕಹಳ್ಳಿ ಹಾಲಪ್ಪ, ಗೌಡ್ರ ಶಂಕರಪ್ಪ, ಈ ಐವರನ್ನು 1943ರ ಮಾರ್ಚ್ 8, 9, 10ರಂದು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ನೇಣಿಗೆ ಹಾಕಿದರು. ಉಳಿದ ಹಲವರು ಜೈಲು ಕಂಡರು. ಕೋರ್ಟಿನ ಕಣ್ಣಿನಲ್ಲಿ ಅವರು ಕೊಲೆಗಡುಕರು, ಅಷ್ಟೇ.

ಅಹಿಂಸೆ ಅಂದವರು ಗಾಂಧೀಜಿ. ಟೋಪಿಯೂ ಅವರ ಹೆಸರಿನದೇ. ಹಾಗಿದ್ದರೆ ಅವರು ಏನಂದರು? ಆಗ ಅವರು ಪುಣೆಯ ಆಗಾ ಖಾನ್ ಅರಮನೆಯಲ್ಲಿ ಬಂದಿ. 1942ರ ಹಿಂಸೆಗೆಲ್ಲ ಕಾಂಗ್ರೆಸ್ಸೇ ಹೊಣೆ ಅಂತ ವೈಸರಾಯ್ ಲಿನ್ಲಿತ್‌ಗೋ ಪತ್ರದ ಮೇಲೆ ಪತ್ರ ಬರೆದರು. ಗಾಂಧೀಜಿ ಹಿಂಸೆಯನ್ನು ಸರಿ ಎನ್ನಲಿಲ್ಲ. ಆದರೆ ನಾಯಕರನ್ನೆಲ್ಲ ಒಟ್ಟಿಗೆ ಬಂಧಿಸಿ ಜನರ ತಲೆ ಕೆಡಿಸಿದ್ದು ಸರ್ಕಾರವೇ ಅಂತ ತಿರುಗಿ ಬರೆದರು. ಫೆಬ್ರವರಿ 10ರಿಂದ 21 ದಿನ ಉಪವಾಸ ಕೂತರು. ಉಪವಾಸ ಮುಗಿದದ್ದು ಮಾರ್ಚ್ 3ಕ್ಕೆ. ಐದು ದಿನ ಕಳೆದು ಬೆಂಗಳೂರಿನಲ್ಲಿ ಮೊದಲ ನೇಣು.

ಸಂಗೊಳ್ಳಿ ರಾಯಣ್ಣನದೂ ಇಂಥದೇ ಲೆಕ್ಕ. ಕಂಪನಿ ಸರ್ಕಾರಕ್ಕೆ ಅವನು ಕಚೇರಿ ಸುಡುವ, ಖಜಾನೆ ದೋಚುವ ದಂಗೆಕೋರ. ಸುಟ್ಟದ್ದು ನಿಜ, ದೋಚಿದ್ದೂ ನಿಜ. ಆ ಕಚೇರಿಗಳಲ್ಲಿ ಇದ್ದದ್ದು ಇನಾಂ ಹೊಲ ಕಿತ್ತುಕೊಳ್ಳುವ, ಕಂದಾಯ ಏರಿಸುವ ಕಾಗದಗಳು ಅನ್ನುವುದೂ ಅಷ್ಟೇ ನಿಜ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಅಲ್ಲಿನ ಆಲದ ಮರಕ್ಕೆ ಮಕ್ಕಳಿಲ್ಲದ ಹೆಣ್ಣುಮಕ್ಕಳು ಇಂದಿಗೂ ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ. ಬೆಂಗಳೂರಿನ ದೊಡ್ಡ ರೈಲು ನಿಲ್ದಾಣಕ್ಕೆ ಈಗ ಅವನ ಹೆಸರಿದೆ. ಸರ್ಕಾರ ಹೆಸರಿಟ್ಟದ್ದು ತೀರಾ ಈಚೆಗೆ. ತೊಟ್ಟಿಲು ಕಟ್ಟಿದವರು ಯಾವ ಆದೇಶಕ್ಕೂ ಕಾಯಲಿಲ್ಲ.

ಹಾಗಂತ ಎಲ್ಲವೂ ನೋಡುವವರ ಕಣ್ಣಿಗೆ ಬಿಟ್ಟದ್ದು ಅಂತ ಕೈತೊಳೆದುಕೊಳ್ಳಲು ನಮಗೆ ಮನಸ್ಸಿಲ್ಲ. ಈಸೂರಿನವರು ಸಂತೆಯಲ್ಲಿ ನಿಂತವರ ಮೇಲೆ ಬಾಂಬು ಹಾಕಲಿಲ್ಲ. ಸಂಬಂಧವಿಲ್ಲದವರನ್ನು ಕೊಂದು ಉಳಿದವರನ್ನು ಹೆದರಿಸುವುದು ಅವರ ಉದ್ದೇಶವಾಗಿರಲಿಲ್ಲ. ಅದು ಸಣ್ಣ ವ್ಯತ್ಯಾಸವಲ್ಲ. ಗೆರೆ ಎಲ್ಲಾದರೂ ಇದ್ದರೆ ಅಲ್ಲಿದೆ ಅನ್ನುವುದು ನಮ್ಮ ಅಭಿಪ್ರಾಯ. ಆದರೆ ಆ ಗೆರೆಯ ಈಚೆಗೆ ನಿಂತವರ ಕೈಯಲ್ಲೂ ರಕ್ತವಿದೆ. 1928ರ ಡಿಸೆಂಬರ್‌ನಲ್ಲಿ ಲಾಹೋರಿನಲ್ಲಿ ಭಗತ್ ಸಿಂಗ್ ಮತ್ತು ಸಂಗಡಿಗರು ಪೊಲೀಸ್ ಅಧಿಕಾರಿ ಸಾಂಡರ್ಸ್‌ನನ್ನು ಕೊಂದರು. ಅವರು ಕಾಯುತ್ತಿದ್ದದ್ದು ಸ್ಕಾಟ್ ಎಂಬ ಬೇರೆ ಅಧಿಕಾರಿಗೆ. ಬೆನ್ನಟ್ಟಿ ಬಂದ ಹೆಡ್ ಕಾನ್‌ಸ್ಟೆಬಲ್ ಚನನ್ ಸಿಂಗ್‌ಗೂ ಗುಂಡು ಬಿತ್ತು. ಅವನೂ ಸತ್ತ. ಭಗತ್ ಸಿಂಗ್ ಚಿತ್ರ ನಮ್ಮ ಆಟೋಗಳ ಹಿಂದೆ, ಬೈಕುಗಳ ಮೇಲೆ ಎಲ್ಲೆಲ್ಲೂ ಇದೆ. ಚನನ್ ಸಿಂಗ್ ಹೆಸರು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಅದೇ ಭಗತ್ ಸಿಂಗ್ ಜೈಲಿನಿಂದ 1931ರಲ್ಲಿ ಯುವ ಕಾರ್ಯಕರ್ತರಿಗೆ ಬರೆದ ಪತ್ರದಲ್ಲಿ, ಬಹುಶಃ ಶುರುವಿನ ದಿನಗಳನ್ನು ಬಿಟ್ಟರೆ ತಾನು ಭಯೋತ್ಪಾದಕನಲ್ಲ, ಆ ದಾರಿಯಿಂದ ಏನೂ ಸಿಗುವುದಿಲ್ಲ ಅಂತ ಹೇಳಿದ. ಗೆರೆಯ ಬಗ್ಗೆ ನಮಗಿಂತ ಅವನೇ ಹೆಚ್ಚು ಯೋಚಿಸಿದ್ದ ಅನ್ನಿಸುತ್ತದೆ.

ಚನ್ನಕೃಷ್ಣಪ್ಪ, ಕೆಂಚೇಗೌಡರನ್ನು ದ್ರೋಹಿಗಳು ಅಂತ ಬರೆದುಬಿಡಲು ನಮಗೆ ಕೈ ಬರುವುದಿಲ್ಲ. ನಮ್ಮ ಮನೆಗಳಲ್ಲೂ ಪೊಲೀಸರಿದ್ದಾರೆ, ಗ್ರಾಮ ಲೆಕ್ಕಿಗರಿದ್ದಾರೆ. ಮೇಲಿನವರು ಹೋಗು ಅಂದರೆ ಹೋಗುತ್ತಾರೆ. ಐವರು ಹುತಾತ್ಮರು ಅನ್ನುವುದರಲ್ಲಿ ನಮಗೆ ಅನುಮಾನವಿಲ್ಲ. ಆ ಇಬ್ಬರ ಸಾವು ಸಾವೇ ಅಲ್ಲ ಅಂತ ಅದರಿಂದ ಆಗುವುದಿಲ್ಲ.

ಇನ್ನು ಒಂದು ಸಂಗತಿ. ಸ್ವಾತಂತ್ರ್ಯದ 25ನೇ ವರ್ಷಕ್ಕೆ, 1972ರ ಆಗಸ್ಟ್ 15ರಿಂದ, ಕೇಂದ್ರ ಸರ್ಕಾರ ಸ್ವಾತಂತ್ರ್ಯ ಹೋರಾಟಗಾರರಿಗೆ ಪಿಂಚಣಿ ಶುರು ಮಾಡಿತು. ಅದಕ್ಕೆ ಸಾಮಾನ್ಯ ಷರತ್ತು ಕನಿಷ್ಠ 6 ತಿಂಗಳ ಜೈಲುವಾಸ. ಪುರಾವೆಗೆ ಜೈಲಿನ ಸರ್ಟಿಫಿಕೇಟು ಬೇಕು. ಭೂಗತರಾಗಿದ್ದವರಾದರೆ, ಹಳೆಯ ಸರ್ಕಾರ ತಮ್ಮನ್ನು ತಲೆಮರೆಸಿಕೊಂಡ ಅಪರಾಧಿ ಅಂತ ಘೋಷಿಸಿತ್ತು, ಇಲ್ಲವೇ ಹಿಡಿದುಕೊಟ್ಟವರಿಗೆ ಬಹುಮಾನ ಇಟ್ಟಿತ್ತು ಅಂತ ತೋರಿಸಬಹುದಿತ್ತು.

ಅಂದರೆ ಒಂದು ಸರ್ಕಾರ ಅಪರಾಧಿ ಅಂತ ಬರೆದಿಟ್ಟ ರಿಜಿಸ್ಟರನ್ನೇ ಇನ್ನೊಂದು ಸರ್ಕಾರ ತೆಗೆಸಿ, ಅದೇ ಸಾಲಿನ ನಕಲು ಪಡೆದು, ಇವರು ದೇಶಭಕ್ತರು ಅಂತ ಸೀಲು ಒತ್ತಿತು. ಆ ನಕಲಿಗಾಗಿ ಎಷ್ಟೋ ಊರುಗಳ ಮುದುಕರು ಬಗಲಲ್ಲಿ ಚೀಲ ಇಟ್ಟುಕೊಂಡು ತಾಲ್ಲೂಕು ಕಚೇರಿ, ಜಿಲ್ಲಾ ಕಚೇರಿ ಅಂತ ಅಲೆದರು. ಹೊತ್ತಿಗೆ ಸರಿಯಾಗಿ ಸಿಕ್ಕಿಬಿದ್ದವರಿಗೆ ಕಾಗದವಿತ್ತು. ಕಾಡಿನಲ್ಲಿ ಅಡಗಿ, ಯಾವ ಪಟ್ಟಿಗೂ ಸೇರದೆ ಉಳಿದವರ ಹತ್ತಿರ ತೋರಿಸಲು ಏನೂ ಇರಲಿಲ್ಲ.