ಮಹಮೂದ್ ಅಹ್ಮದ್: ಅಂಗರಕ್ಷಕ ಪಡೆಯ ಗಾಯಕ

1960ರ ದಶಕದಲ್ಲಿ ಇಥಿಯೋಪಿಯದ ಆಧುನಿಕ ಸಂಗೀತ ಬಹುಮಟ್ಟಿಗೆ ಸರ್ಕಾರದ ಆಶ್ರಯದಲ್ಲಿತ್ತು. ಸೇನೆ, ಪೊಲೀಸು, ಚಕ್ರವರ್ತಿ ಹೈಲೆ ಸೆಲಾಸಿಯ ಅಂಗರಕ್ಷಕ ಪಡೆ, ಇವೆಲ್ಲಕ್ಕೂ ತಮ್ಮವೇ ಆದ ವಾದ್ಯವೃಂದಗಳಿದ್ದವು. ಆ ಆಶ್ರಯದಲ್ಲಿ ಬೆಳೆದು, ಅದು ಕುಸಿದ ಮೇಲೂ ಉಳಿದ ಕಂಠ ಮಹಮೂದ್ ಅಹ್ಮದ್ ಅವರದು.

1941ರಲ್ಲಿ ರಾಜಧಾನಿ ಅಡಿಸ್ ಅಬಾಬದಲ್ಲಿ ಹುಟ್ಟಿದ ಮಹಮೂದ್, ಬಾಲ್ಯದಲ್ಲಿ ಬೂಟು ಪಾಲಿಶ್ ಮಾಡಿದವರು. ಮುಂದೆ ಅರಿಜೋನಾ ಕ್ಲಬ್ಬಿನಲ್ಲಿ ಚಿಲ್ಲರೆ ಕೆಲಸಗಳಿಗೆ ಸೇರಿದರು. ಅಂಗರಕ್ಷಕ ಪಡೆಯ ವಾದಕರು ತಮ್ಮ ಕೆಲಸ ಮುಗಿದ ಮೇಲೆ ಸೇರುತ್ತಿದ್ದುದು ಅಲ್ಲಿಯೇ. 1962ರ ಒಂದು ರಾತ್ರಿ ಗಾಯಕರು ಬರಲಿಲ್ಲ. ತಾವು ಒಂದೆರಡು ಹಾಡು ಹಾಡಬಹುದೇ ಎಂದು ಮಹಮೂದ್ ಕೇಳಿದರು. ಬಹುಬೇಗ ಆ ವೃಂದದ ಗಾಯಕರೇ ಆದರು, 1974ರವರೆಗೆ ಅಲ್ಲಿದ್ದರು.

ಅವರ ಅಮ್ಹಾರಿಕ್ ಹಾಡುಗಳಲ್ಲಿ ಅಮೆರಿಕದ ಸೋಲ್ ಸಂಗೀತದ ಸ್ಯಾಕ್ಸೊಫೋನು, ಗಿಟಾರುಗಳಿವೆ. ಆದರೆ ಧಾಟಿ ಇಥಿಯೋಪಿಯದ್ದೇ, ಐದು ಸ್ವರಗಳದ್ದು. ಅಗಲಿಕೆಯ ನೆನಪನ್ನು ಹಾಡುವ 'ತಿಜಿತಾ' ಧಾಟಿಯ ಒಂದು ರೂಪದ ಸ್ವರಗಳು ನಮ್ಮ ಮೋಹನ ರಾಗದವೇ. ಗಮಕದಂತೆ ತುಯ್ಯುವ ಅವರ ದನಿ ಕನ್ನಡದ ಕಿವಿಗೆ ಅಪರಿಚಿತವೆನಿಸದು.

ಧ್ವನಿಮುದ್ರಿಕೆಯ ಹಕ್ಕೂ ಆಗ ಸರ್ಕಾರದ ಹಿಡಿತದಲ್ಲಿತ್ತು. ಅದನ್ನು ಲೆಕ್ಕಿಸದೆ 1969ರಲ್ಲಿ ಅಮ್ಹಾ ಎಶೆಟೆ ಎಂಬ ತರುಣ ಸ್ವಂತ ರೆಕಾರ್ಡ್ ಕಂಪನಿ ತೆರೆದರು. ಕೈಫಾ ಎಂಬ ಮತ್ತೊಂದು ಕಂಪನಿಯೂ ಬಂದಿತು. ಮಹಮೂದರು ಇವೆರಡಕ್ಕೂ ಹಾಡಿದರು. ಐಬೆಕ್ಸ್ ಬ್ಯಾಂಡಿನೊಡನೆ ಹಾಡಿದ 'ಎರೆ ಮೇಲಾ ಮೇಲಾ' 1975ರಲ್ಲಿ ಮುದ್ರಣಗೊಂಡಿತು.

ಅಷ್ಟರಲ್ಲಿ ಕಾಲ ಬದಲಾಗಿತ್ತು. 1974ರಲ್ಲಿ ಚಕ್ರವರ್ತಿಯನ್ನು ಇಳಿಸಿ 'ದೆರ್ಗ್' ಎಂಬ ಸೇನಾ ಆಡಳಿತ ಬಂದಿತು. ಕರ್ಫ್ಯೂ ಜಾರಿಯಾಗಿ ರಾತ್ರಿಯ ಕ್ಲಬ್ಬುಗಳು ಸೊರಗಿದವು. ಎಷ್ಟೋ ಕಲಾವಿದರು ದೇಶ ಬಿಟ್ಟರು. ಅಮ್ಹಾ ಕೂಡ ಅಮೆರಿಕಕ್ಕೆ ಹೋದರು. ರೆಕಾರ್ಡುಗಳು ಹೋಗಿ ಕ್ಯಾಸೆಟ್ಟುಗಳು ಬಂದವು. ಮಹಮೂದ್ ಊರಿನಲ್ಲೇ ಉಳಿದು, 1980ರ ದಶಕದಲ್ಲಿ ಸಂಗೀತದ ಅಂಗಡಿಯೊಂದನ್ನು ನಡೆಸುತ್ತ ಹಾಡುವುದನ್ನೂ ಮುಂದುವರಿಸಿದರು.

1986ರಲ್ಲಿ ಬೆಲ್ಜಿಯಂನ ಕ್ರ್ಯಾಮ್ಡ್ ಡಿಸ್ಕ್ಸ್ ಸಂಸ್ಥೆ 'ಎರೆ ಮೇಲಾ ಮೇಲಾ'ವನ್ನು ಯೂರೋಪಿಗೆ ಪರಿಚಯಿಸಿತು. 1997ರಿಂದ ಫ್ರಾನ್ಸಿನಲ್ಲಿ ಹೊರಬಂದ 'ಎಥಿಯೋಪಿಕ್' ಮಾಲಿಕೆ ಆ ಕಾಲದ ಇತರ ಹಾಡುಗಳನ್ನೂ ಜಗತ್ತಿಗೆ ಕೇಳಿಸಿತು. 2007ರಲ್ಲಿ ಮಹಮೂದರಿಗೆ ಬಿಬಿಸಿಯ ವಿಶ್ವ ಸಂಗೀತ ಪ್ರಶಸ್ತಿ ಸಂದಿತು.

ಅವರಿಗೆ ವೇದಿಕೆ ಕೊಟ್ಟದ್ದು ಅರಮನೆಯ ಪಡೆ. ಆದರೆ ಆ ದನಿ ಇಂದಿಗೂ ನಮಗೆ ಕೇಳಿಸುತ್ತಿದೆಯೆಂದರೆ, ಅದಕ್ಕೆ ಕಾರಣ ಸರ್ಕಾರದ ಅಪ್ಪಣೆಗೆ ಕಾಯದೆ ಅದನ್ನು ಮುದ್ರಿಸಿಟ್ಟ ಸಣ್ಣ ಕಂಪನಿಗಳು. ಅರಸೊತ್ತಿಗೆ ಹೋಯಿತು, ದೆರ್ಗ್ ಕೂಡ 1991ರಲ್ಲಿ ಅಳಿಯಿತು, ಹಾಡು ಉಳಿದಿದೆ.