ಹುಟ್ಟುಗುಣವೋ, ಸುಡುವ ಚಟವೋ?



"ನಮ್ಮ ತಾತ ಸೇದುತ್ತಿದ್ದರು, ಅಪ್ಪನೂ ಸೇದುತ್ತಿದ್ದರು, ನನಗಿದು ರಕ್ತದಲ್ಲೇ ಬಂದಿದೆ." ಟೀ ಅಂಗಡಿಯ ಮುಂದೆ ಈ ಮಾತನ್ನು ನೀವೂ ಕೇಳಿರಬಹುದು. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯ ಬೆಂಬಲ ಬೇರೆ! ಈ ಸಬೂಬಿಗೂ ಒಂದು ಇತಿಹಾಸವಿದೆ. ಅದನ್ನು ವಿಜ್ಞಾನದ ಭಾಷೆಯಲ್ಲಿ ಗಟ್ಟಿಯಾಗಿ ಆಡಿದವರು ಸಾಮಾನ್ಯರಲ್ಲ, ಆಧುನಿಕ ಸಂಖ್ಯಾಶಾಸ್ತ್ರದ ದಿಗ್ಗಜ ರೊನಾಲ್ಡ್ ಫಿಷರ್. ಆಗ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿದ್ದ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರಿಗೆ ಕೇಂಬ್ರಿಡ್ಜ್‌ನಲ್ಲಿ ಗುರುವಾಗಿದ್ದವರು ಇದೇ ಫಿಷರ್.

1950ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಲಂಡನ್ ಆಸ್ಪತ್ರೆಗಳ ರೋಗಿಗಳನ್ನು ವಿಚಾರಿಸಿ, ಶ್ವಾಸಕೋಶದ ಕ್ಯಾನ್ಸರಿಗೂ ಸಿಗರೇಟಿಗೂ ಇರುವ ನಂಟನ್ನು ತೋರಿಸಿದರು. ಫಿಷರ್ ಒಪ್ಪಲಿಲ್ಲ. ಸೇದುವ ಆಸೆಗೂ ಕ್ಯಾನ್ಸರಿಗೂ ಒಂದೇ ವಂಶವಾಹಿ ಕಾರಣವಿರಬಾರದೇಕೆ ಎಂದು 1957-58ರಲ್ಲಿ ಕೇಳಿದರು. ಅವರ ಕೈಯಲ್ಲಿದ್ದ ಆಧಾರ ಜರ್ಮನಿಯ ಅವಳಿಗಳದು: 51 ತದ್ರೂಪಿ ಜೋಡಿಗಳು, 31 ಸಾಧಾರಣ ಜೋಡಿಗಳು. ಸೇದುವ ಅಭ್ಯಾಸದಲ್ಲಿ ತದ್ರೂಪಿಗಳೇ ಹೆಚ್ಚು ಹೋಲುತ್ತಿದ್ದರು. ಸ್ವತಃ ಪೈಪ್ ಪ್ರಿಯರಾಗಿದ್ದ ಫಿಷರ್ ಆಗ ತಂಬಾಕು ತಯಾರಕರ ಸಮಿತಿಗೆ ಸಲಹೆಗಾರರೂ ಆಗಿದ್ದರು.

ಉತ್ತರ 1959ರಲ್ಲೇ ಬಂತು. ಸೇದುವವರಿಗೆ ಅಪಾಯ ಒಂಬತ್ತು ಪಟ್ಟು ಎಂದಿಟ್ಟುಕೊಳ್ಳಿ. ಅದಕ್ಕೆ ಗುಪ್ತ ವಂಶವಾಹಿಯೊಂದೇ ಕಾರಣವಾಗಿದ್ದರೆ, ಆ ವಂಶವಾಹಿಯೂ ಸೇದುವವರಲ್ಲಿ ಕನಿಷ್ಠ ಒಂಬತ್ತು ಪಟ್ಟು ಹೆಚ್ಚಾಗಿರಬೇಕು ಎಂದು ಅಮೆರಿಕದ ಜೆರೋಮ್ ಕಾರ್ನ್‌ಫೀಲ್ಡ್ ಮತ್ತು ಸಂಗಡಿಗರು ಲೆಕ್ಕ ಹಾಕಿ ತೋರಿಸಿದರು. ಮುಂದೆ ಫಿನ್ಲೆಂಡಿನಲ್ಲಿ ಒಬ್ಬ ಸೇದುವ, ಇನ್ನೊಬ್ಬ ಸೇದದ ತದ್ರೂಪಿ ಅವಳಿಗಳನ್ನೇ ಹುಡುಕಿ ಗಮನಿಸಿದರು. ವಂಶವಾಹಿ ಒಂದೇ, ಆದರೆ ಮೊದಲು ಸತ್ತವರಲ್ಲಿ ಸೇದಿದವರೇ ಹೆಚ್ಚು. ಈ ವರದಿ ಬಂದದ್ದು 1989ರಲ್ಲಿ.

ಇನ್ನು ನಮ್ಮ ಚೆನ್ನೈ. ಇಲ್ಲಿನ ಡಾ. ವೇಂದನ್ ಗಜಲಕ್ಷ್ಮಿ ಅವರು ಆಕ್ಸ್‌ಫರ್ಡಿನ ರಿಚರ್ಡ್ ಪೀಟೋ ಮೊದಲಾದವರ ಜೊತೆ ಸೇರಿ ತಮಿಳುನಾಡಿನ ನಗರ ಮತ್ತು ಹಳ್ಳಿಗಳ 43,000 ಗಂಡಸರ ಸಾವುಗಳನ್ನು, ಬದುಕಿದ್ದ 35,000 ಗಂಡಸರೊಂದಿಗೆ ಹೋಲಿಸಿದರು. 2003ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಫಲಿತಾಂಶ ಅನೇಕರನ್ನು ಬೆಚ್ಚಿಬೀಳಿಸಿತು. ಕ್ಯಾನ್ಸರ್, ಹೃದಯಾಘಾತದ ಮಾತು ಹಾಗಿರಲಿ, ಬೀಡಿ-ಸಿಗರೇಟು ಸೇದುವ ನಗರದ ಗಂಡಸರಲ್ಲಿ ಕ್ಷಯದ ಸಾವು ನಾಲ್ಕು ಪಟ್ಟಿಗೂ ಹೆಚ್ಚು! ಭಾರತದಲ್ಲಿ ಕ್ಷಯದಿಂದ ಸಾಯುವ ಗಂಡಸರಲ್ಲಿ ಸುಮಾರು ಅರ್ಧದಷ್ಟು ಸಾವಿಗೆ ಹೊಗೆಯೇ ಕಾರಣ ಎಂದು ಅವರು ಅಂದಾಜಿಸಿದರು. ಈ ಅಂತರವನ್ನೂ ಪೂರ್ತಿ ಹುಟ್ಟಿನ ತಲೆಗೆ ಕಟ್ಟಬೇಕಾದರೆ ಕಾರ್ನ್‌ಫೀಲ್ಡ್ ಲೆಕ್ಕಕ್ಕೇ ಉತ್ತರ ಹೇಳಬೇಕು. ಅಷ್ಟು ಬಲದ ವಂಶವಾಹಿ ಸಿಕ್ಕಿಲ್ಲ.

ಹಾಗಾದರೆ ಫಿಷರ್ ಹೇಳಿದ್ದೆಲ್ಲ ಸುಳ್ಳೇ? ಇಲ್ಲ, ಅರ್ಧ ನಿಜ. ಚಟಕ್ಕೆ ಬೀಳುವುದರಲ್ಲಿ ಹುಟ್ಟಿನ ಪಾಲು ಇದೆ. ಏಪ್ರಿಲ್ 2008ರಲ್ಲಿ ಮೂರು ತಂಡಗಳು ಒಟ್ಟಿಗೇ 15ನೇ ವರ್ಣತಂತುವಿನ ಒಂದು ಜಾಗಕ್ಕೆ ಬೆರಳಿಟ್ಟವು. ಮಿದುಳಿನಲ್ಲಿ ನಿಕೋಟಿನ್ ಬಂದು ಕೂರುವ ಗ್ರಾಹಕವನ್ನು ರೂಪಿಸುವ ವಂಶವಾಹಿಗಳು ಅಲ್ಲಿವೆ. ಅದರಲ್ಲೊಂದು ವ್ಯತ್ಯಾಸವಿದ್ದವರಿಗೆ 'ಇನ್ನು ಸಾಕು' ಎನ್ನುವ ಸೂಚನೆ ಮಂಕಾಗುತ್ತದೆಂದು ಇಲಿಗಳ ಮೇಲಿನ ಪ್ರಯೋಗಗಳು ಸೂಚಿಸುತ್ತವೆ. ಇನ್ನೊಂದು ವಂಶವಾಹಿಯ ಕೆಲಸ ಯಕೃತ್ತಿನಲ್ಲಿ. ನಿಕೋಟಿನ್ ಬೇಗ ಕರಗಿಸುವವರ ಕೈ ಬೇಗನೆ ಮುಂದಿನ ಸಿಗರೇಟಿಗೆ ಹೋಗುತ್ತದೆ. ಆದರೆ 15ನೇ ವರ್ಣತಂತುವಿನ ಆ ವ್ಯತ್ಯಾಸದ ಒಂದು ಪ್ರತಿ ಕ್ಯಾನ್ಸರ್ ಅಪಾಯವನ್ನು ಹೆಚ್ಚಿಸುವುದು ಶೇ. 30ರಷ್ಟು ಮಾತ್ರ. ಸಿಗರೇಟು ಹೆಚ್ಚಿಸುವುದು ಹತ್ತಾರು ಪಟ್ಟು.

ಅಂದರೆ ಒಬ್ಬರು ಸುಲಭವಾಗಿ ಬಿಡುತ್ತಾರೆ, ಇನ್ನೊಬ್ಬರು ಐದು ಸಲ ಸೋಲುತ್ತಾರೆ. ಸೋತವರು ದುರ್ಬಲರೆಂದು ಮನೆಯವರು ಹಂಗಿಸಬಾರದು. ಹುಟ್ಟಿನಲ್ಲೇ ಇದೆಯೆಂದು ಸೇದುವವರೂ ಕೈಚೆಲ್ಲಬಾರದು. ಒಲವು ಹುಟ್ಟಿನಿಂದ ಬಂದಿರಬಹುದು, ಬೆಂಕಿಕಡ್ಡಿ ಗೀರುವವರು ನಾವೇ. ಬಿಡಬೇಕೆನ್ನುವವರಿಗೆ 1800-11-2356 ರಾಷ್ಟ್ರೀಯ ಸಹಾಯವಾಣಿ ಇದೆ, ಕರೆ ಉಚಿತ. ಸೇದುವ ಮಿತ್ರರಿದ್ದರೆ ಈ ಪುಟವನ್ನು ಅವರಿಗೂ ಕೊಡಿ.