ಅನ್ನದಾಸೋಹಕ್ಕೆ ನಾಟ್ಯಕಾಯಕ: ಗದುಗಿನ ವೀರೇಶ್ವರ ಪುಣ್ಯಾಶ್ರಮದ ಧನಸಂಗ್ರಹ

ಗದಗ-ಬೆಟಗೇರಿಯ ಅವಳಿ ಪಟ್ಟಣವು ಹತ್ತಿಯ ಪೇಟೆಗೂ ನೇಕಾರಿಕೆಗೂ ಹೆಸರಾದಂತೆಯೇ ವೀರೇಶ್ವರ ಪುಣ್ಯಾಶ್ರಮದಿಂದಲೂ ನಾಡಿಗೆ ಪರಿಚಿತವಾಗಿದೆ. ಅಂಧ ಹಾಗೂ ಅನಾಥ ಬಾಲಕರಿಗೆ ಅನ್ನ, ವಸತಿ, ವಿದ್ಯೆಗಳನ್ನು ಉಚಿತವಾಗಿ ನೀಡುತ್ತ ಬಂದ ಈ ಆಶ್ರಮದ ಸಂಗೀತಪರಂಪರೆಯನ್ನು ಕುರಿತು ಬರೆದವರು ಅನೇಕರು. ಆದರೆ ಆ ಮಕ್ಕಳ ಊಟದ ವೆಚ್ಚಕ್ಕೆ ಹಣ ಒದಗಿದ ಬಗೆಯೂ ವಿಚಾರಾರ್ಹವಾದುದೇ ಆಗಿದೆ.

ಇದರ ಮೂಲವನ್ನು ಹಾನಗಲ್ಲ ಕುಮಾರಸ್ವಾಮಿಗಳಲ್ಲಿ (1867-1930) ಕಾಣಬೇಕು. 1909ರಲ್ಲಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಪೂಜ್ಯರು ಜೋಳಿಗೆ ಹಿಡಿದು ಊರೂರು ಸಂಚರಿಸಿ ಅದನ್ನು ಬೆಳೆಸಿದರು. ಹುಟ್ಟುಕುರುಡರಾದ ಪಂಚಾಕ್ಷರಿ ಗವಾಯಿಗಳು (1892-1944) ಅವರ ಆಶ್ರಯದಲ್ಲಿಯೇ ವಿದ್ಯೆ ಕಲಿತು, ಮುಂದೆ ತಾವೂ ಅಂಧಶಿಷ್ಯರನ್ನು ಕೂಡಿಸಿಕೊಂಡು ಸಂಚಾರಿ ಸಂಗೀತ ಪಾಠಶಾಲೆಯನ್ನು ನಡೆಸಿದರು. ಸಂಚಾರವೆಂಬುದು ಶೋಭೆಗಾಗಿ ಇಟ್ಟ ಹೆಸರಲ್ಲ. ಒಂದೇ ಊರು ಅಷ್ಟು ಹೊಟ್ಟೆಗಳನ್ನು ವರ್ಷವಿಡೀ ಹೊರಲಾರದು. ಕಡೆಗೆ ಗದುಗಿನ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ನೆಲೆಯೊಂದು ದೊರೆಯಿತು. ಆಶ್ರಮದ ಹೆಸರಿನಲ್ಲಿ ಆ ದಾನಿಯ ಸ್ಮರಣೆ ಉಳಿದಿದೆ.

ನೆಲೆ ದೊರೆತರೂ ಕಣಜ ತುಂಬುವುದಿಲ್ಲ. ಇಲ್ಲಿಯೇ ಆಶ್ರಮದ ನಾಟ್ಯಸಂಘದ ಮಹತ್ವವಿದೆ. ವಿದ್ಯಾರ್ಥಿಗಳೇ ಹಾಡುಗಾರರು, ಅವರೇ ವಾದ್ಯಗಾರರು, ಅವರಲ್ಲಿಯೇ ನಟರು. ಟಿಕೀಟಿನ ಉತ್ಪನ್ನವೇ ಪ್ರಸಾದಕ್ಕೆ ಆಧಾರ. ಮಠದ ಮಕ್ಕಳು ಮುಖಕ್ಕೆ ಬಣ್ಣ ಹಚ್ಚುವುದೇ ಎಂದು ಹುಬ್ಬುಗಂಟಿಕ್ಕುವವರಿಗೆ ಆಯ್ದಕ್ಕಿ ಮಾರಯ್ಯ-ಲಕ್ಕಮ್ಮನವರ ಕಥೆಯೇ ಉತ್ತರ. ಅಗತ್ಯಕ್ಕಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಹಿಂದಿರುಗಿಸೆಂದು ಪತಿಗೆ ಹೇಳಿದ ಆ ಶರಣೆ, ದಾಸೋಹದ ಸಾಮಗ್ರಿಯೂ ಕಾಯಕಶುದ್ಧವಾಗಿರಬೇಕೆಂದು ತೋರಿಸಿದಳು. ಜೋಳಿಗೆಗೆ ಹಾಕಿದವನು ದಾನಿ, ಪಡೆದವನು ಯಾಚಕ. ನಾಟಕಕ್ಕೆ ಟಿಕೀಟು ಕೊಂಡವನಾದರೋ ರಸಿಕ. ಹಾಡಿದ ಕುರುಡ ಬಾಲಕ ತನ್ನ ತುತ್ತನ್ನು ತಾನೇ ದುಡಿದವನು. ಈ ಅಂತರ ಅಲ್ಪವಾದುದಲ್ಲ.

ಇಂಥ ಕಾರ್ಯಕ್ಕೆ ಮುಂದಾಲೋಚನೆ ಅತ್ಯವಶ್ಯ. ಗದಗ ಸೀಮೆಯನ್ನೇ ನೋಡಿದರೆ, ಎರೆಭೂಮಿಯ ಹಿಂಗಾರಿ ಜೋಳ ಮಾಘ-ಫಾಲ್ಗುಣಗಳಲ್ಲಿ ಕಣಕ್ಕೆ ಬರುತ್ತದೆ. ಅದರ ಹಿಂದು-ಮುಂದೆಯೇ ಹತ್ತಿ ಪೇಟೆ ಸೇರುತ್ತದೆ. ರೈತನ ಕೈಯಲ್ಲಿ ರೊಕ್ಕವಿರುವುದು ಆಗಲೇ, ಜಾತ್ರೆಗಳೂ ಬಹುಮಟ್ಟಿಗೆ ಆ ಹೊತ್ತಿನವೇ. ಮಳೆಗಾಲ ಹಿಡಿದರೆ ಥೇಟರಿನ ತಗಡುಗಳ ಕೆಳಗೆ ಜನವಿಲ್ಲ. ಆದರೆ ಹಸಿವೆಗೆ ಮಳೆಗಾಲ, ಬೇಸಗೆಗಳ ಭೇದವಿಲ್ಲ. ಆದ್ದರಿಂದ ನಾಲ್ಕು ತಿಂಗಳ ಗಳಿಕೆಯಲ್ಲಿ ಹನ್ನೆರಡು ತಿಂಗಳ ಕಾಳನ್ನು ಎಣಿಸಬೇಕು. ಇನ್ನೊಂದು ಮಾತು: ಸ್ವಾತಂತ್ರ್ಯಪೂರ್ವದಲ್ಲಿ ಗದಗ, ಮುಂಡರಗಿಗಳು ಮುಂಬಯಿ ಪ್ರಾಂತದಲ್ಲಿಯೂ, ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿಯೂ, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿಯೂ ಇದ್ದವು. ಕೆಲವೇ ಮೈಲಿಗಳ ಹಾದಿಯಲ್ಲಿ ಮೂರು ಆಡಳಿತಗಳು! ಆದರೆ ಭಕ್ತಿಗೂ ಸಂಗೀತಕ್ಕೂ ಈ ಗಡಿಗಳು ಅಡ್ಡಬರಲಿಲ್ಲ.

1944ರಲ್ಲಿ ಗುರುಗಳು ಲಿಂಗೈಕ್ಯರಾದಾಗ ಆಶ್ರಮದ ಭಾರ ಮೂವತ್ತರ ವಯಸ್ಸಿನ ಪುಟ್ಟರಾಜ ಗವಾಯಿಗಳ ಮೇಲೆ ಬಿದ್ದಿತು. ಅವರೂ ಅಂಧರು. ಅವರು ತಾವೇ ನಾಟಕಗಳನ್ನು ರಚಿಸಿದರು. 'ಶ್ರೀ ಶಿವಯೋಗಿ ಸಿದ್ಧರಾಮ' ನಾಟಕವು ಆಶ್ರಮಕ್ಕೆ ಒಳ್ಳೆಯ ಆದಾಯ ತಂದಿತು. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಶರಣನ ಚರಿತ್ರೆಯಿಂದ ಅನಾಥರ ಊಟ ನಡೆದುದು ಉಚಿತವೇ ಆಯಿತು. ಕಾಲಕ್ರಮದಲ್ಲಿ ಭಕ್ತರು ಅವರಿಗೆ ತುಲಾಭಾರ ಸಲ್ಲಿಸತೊಡಗಿದರು. 2010ರಲ್ಲಿ ಅವರು ಲಿಂಗೈಕ್ಯರಾಗುವ ವೇಳೆಗೆ ಅವುಗಳ ಸಂಖ್ಯೆ ಎರಡು ಸಾವಿರವನ್ನು ಮೀರಿದ್ದಿತು. ತೂಗಿದ ದ್ರವ್ಯವೆಲ್ಲ ಆಶ್ರಮದ ಮಕ್ಕಳಿಗೇ ಸಂದಿತು.

ಈ ಎರಡು ಮಾರ್ಗಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ತುಲಾಭಾರ ಒಬ್ಬ ಮಹಾತ್ಮರ ಮೇಲಣ ಭಕ್ತಿಯನ್ನು ಅವಲಂಬಿಸಿದೆ. ಅಂಥವರು ಎಲ್ಲ ಸಂಸ್ಥೆಗಳಿಗೂ ದೊರೆಯರು. ನಾಟಕವು ಅನೇಕರ ಶ್ರಮವನ್ನೂ ಅನೇಕರ ಚಿಲ್ಲರೆ ಹಣವನ್ನೂ ಅವಲಂಬಿಸಿದೆ. ಇಂದಿನ ವಿದ್ಯಾರ್ಥಿಗಳು ತಮ್ಮ ನಿರ್ಗತಿಕ ಸಹಪಾಠಿಗಳ ಊಟಕ್ಕಾಗಿ ನಿಧಿ ಕೂಡಿಸಹೊರಟರೆ, ಎರಡನೆಯದೇ ಅವರಿಗೆ ಹತ್ತಿರದ ದಾರಿ.

ನಾಣ್ಯವಿಲ್ಲದೆಯೂ ಅನ್ನ ಕೂಡಿಸುವ ಮಾದರಿ ಮುಂಡರಗಿ ತಾಲೂಕಿನ ಡಂಬಳದಲ್ಲಿದೆ. ಅಲ್ಲಿಯ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆಗೆ ಮನೆಮನೆಗಳಲ್ಲಿ ತಟ್ಟಿದ ಜೋಳದ ರೊಟ್ಟಿಗಳು ಮಠಕ್ಕೆ ಬಂದು ರಾಶಿಯಾಗುತ್ತವೆ. ಯಾವ ರೊಟ್ಟಿ ಯಾರ ಮನೆಯದೆಂದು ಕೇಳದೆ ಜನರು ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾರೆ.